ಕಾಗುಣಿತ ಮಾತ್ರ ನೋಡಿಕೊಟ್ಟೆ

ಚಿಕ್ಕೋಡಿಯ ಮುದ್ರಣಾಲಯದಲ್ಲಿ ಕರಡು ತಿದ್ದಿ ತಿದ್ದಿ ನನ್ನ ಕಣ್ಣು ದಣಿದಿವೆ. ಈಗೀಗ ಊಟದ ತಟ್ಟೆಯಲ್ಲೂ ತಪ್ಪು ಹುಡುಕುತ್ತೀರಿ ಎಂದು ಮನೆಯಾಕೆ ಕಾಡಿಸುತ್ತಾಳೆ. ಮೊದಲೆಲ್ಲ ಪುಸ್ತಕಗಳ ಸಂಪಾದನೆಯನ್ನೂ ಮಾಡುತ್ತಿದ್ದೆ. ಕರಡು ತಿದ್ದುವವನು ಬರೆದದ್ದು ಸರಿಯಾಗಿ ಅಚ್ಚಾಯಿತೇ ಎಂದು ನೋಡಿದರೆ ಸಾಕು. ಸಂಪಾದಕನಾದರೆ ಇದನ್ನೇಕೆ ಬರೆದಿರಿ, ಅದನ್ನೇಕೆ ಬಿಟ್ಟಿರಿ ಎಂದು ಬರೆದವರನ್ನೇ ಕೇಳಬೇಕು. ಹಾಗೆ ಕೇಳಿ ಕೇಳಿ ಅಥಣಿಯಿಂದ ನಿಪ್ಪಾಣಿಯವರೆಗೆ ಸಾಕಷ್ಟು ಜನರ ಮುನಿಸು ಕಟ್ಟಿಕೊಂಡೆ. ಕೊನೆಗೆ ಬೇಸತ್ತು ಆ ಉಸಾಬರಿಯನ್ನೇ ಬಿಟ್ಟೆ.

ಹೋದ ವರ್ಷ ರಾಯಬಾಗದ ನಿವೃತ್ತ ಮಾಸ್ತರರೊಬ್ಬರು ಬಂದರು. ಹೆಂಡತಿ ತೀರಿಕೊಂಡು ವರ್ಷ ತುಂಬುತ್ತಿತ್ತು. ಪುಣ್ಯತಿಥಿಗೆ ಬಂದವರಿಗೆ ಹಂಚಲು ಆಕೆಯ ನೆನಪಿನ ಪುಸ್ತಕ ಬರೆದಿದ್ದರು. ಬದುಕಿದ್ದಾಗ ಆಕೆಗೆ ಏನೂ ಕೊಡಲಿಲ್ಲ, ಇದೊಂದಾದರೂ ಆಕೆಯದಾಗಲಿ ಎಂದರು. ಹಸ್ತಪ್ರತಿಯನ್ನು ನನ್ನ ಮುಂದಿಟ್ಟು, "ಕಾಗುಣಿತ ಅಷ್ಟ ನೋಡ್ರಿ. ಒಳಗಿಂದಕ್ಕ ಕೈ ಹಚ್ಚಬ್ಯಾಡ್ರಿ" ಎಂದರು. ನನಗೂ ಅಷ್ಟೇ ಬೇಕಾಗಿತ್ತು.

ಓದುತ್ತ ಹೋದೆ. ಮಾಸ್ತರರು ದಿಗ್ಗೇವಾಡಿಯ ಶಾಲೆಗೆ ಕೋಣೆ ಕಟ್ಟಿಸಿದ್ದು, ಕೊಕಟನೂರಿಗೆ ವರ್ಗವಾದದ್ದು, ತಪಾಸಣೆಗೆ ಬಂದ ಸಾಹೇಬರು ಹೊಗಳಿದ್ದು, ಎಲ್ಲ ಇತ್ತು. ಆಕೆ ಬಂದವರಿಗೆಲ್ಲ ಚಹಾ ಕೊಡುತ್ತಿದ್ದಳು. ಇಡೀ ಪುಸ್ತಕದಲ್ಲಿ ಒಂದು ಮಾತೂ ಆಡಿರಲಿಲ್ಲ. ಯಾವ ಊರಿನ ಮಗಳು, ಏನು ಕಂಡರೆ ನಗುತ್ತಿದ್ದಳು, ಒಂದೂ ಇಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ, ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಬರೆಯಿರಿ ಎಂದು ಗೀಚಿದೆ. ಮತ್ತೆ ಮಾಸ್ತರರ ಮಾತು ನೆನಪಾಗಿ, ಯಾಕೆ ಬೇಕಪ್ಪಾ ಎಂದು ಅಳಿಸಿಬಿಟ್ಟೆ. ಒತ್ತು, ದೀರ್ಘ, ಅಲ್ಪವಿರಾಮಗಳನ್ನು ಸರಿಮಾಡಿ ಕೊಟ್ಟೆ.

ಪುಣ್ಯತಿಥಿಯಾಗಿ ಒಂದು ವಾರಕ್ಕೆ ಮಾಸ್ತರರು ಮತ್ತೆ ಬಂದರು. ಅಂದು ಜನ ಊಟಕ್ಕೆ ಕೂತಾಗ ಅವರ ಮಗಳು ಒಂದು ಮೂಲೆಯಲ್ಲಿ ಕೂತು ಪುಸ್ತಕವನ್ನು ಪೂರ್ತಿ ಓದಿದಳಂತೆ. ಇದರಲ್ಲಿ ಅವ್ವ ಎಲ್ಲಿದ್ದಾಳೆ ಎಂದು ಅಪ್ಪನನ್ನೇ ಕೇಳಿದಳಂತೆ. ತೋರಿಸಲು ಹೋಗಿ ಇವರು ಪುಟ ತಿರುವುತ್ತಲೇ ಕೂತರಂತೆ. ಇನ್ನು ನನ್ನನ್ನು ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ.

"ಒಂದೂ ತಪ್ಪಿಲ್ಲರಿ, ಭಾಳ ಚೊಲೋ ನೋಡೀರಿ" ಎಂದರು. ಮತ್ತೆ ಅವರೇ, "ಆಕಿ ಇಲ್ಲದ್ದು ನಿಮಗ ಕಾಣಲಿಲ್ಲೇನ್ರಿ?" ಎಂದು ಕೇಳಿದರು.

ನಾಚಿಕೆಯಾಯಿತು. ಕಂಡಿತ್ತು ಎಂದರೆ, ಮತ್ತೇಕೆ ಹೇಳಲಿಲ್ಲ ಎಂದು ಕೇಳುತ್ತಾರೆ.

"ಇಲ್ರಿ" ಎಂದೆ.

"ನನಗೂ ಕಾಣಲಿಲ್ಲ, ಬಿಡ್ರಿ" ಎಂದು ಅವರು ನನ್ನನ್ನೇ ಸಮಾಧಾನ ಮಾಡಿದರು.