ಮುಂಬೈಯಿಂದ ನೈರೋಬಿಗೆ ಹನ್ನೊಂದು ಸೆಂಟಿಮೀಟರ್

ಬೆಳಗಿನ ಆರು ಗಂಟೆ. ಬೈಲಹೊಂಗಲದ ಕಾಲೇಜೊಂದರ ಭೂಗೋಳ ವಿಭಾಗ. ಕಸಬರಿಗೆಯನ್ನು ಬಾಗಿಲಿಗೆ ಒರಗಿಸಿಟ್ಟು, ಅಟೆಂಡರ್ ಲಗಮವ್ವ ಗ್ಲೋಬಿನ ಮೇಲೆ ಬಿಳಿ ದಾರವನ್ನು ಬಿಗಿಯಾಗಿ ಹಿಡಿದಿದ್ದಾರೆ. ಒಂದು ತುದಿ ಮುಂಬೈ, ಇನ್ನೊಂದು ನೈರೋಬಿ. ಅಳತೆಪಟ್ಟಿಯ ಮೇಲಿಟ್ಟರೆ ಹನ್ನೊಂದು ಸೆಂಟಿಮೀಟರ್, ಮೇಲೆ ಮೂರು ಗೆರೆ. ಈ ಗ್ಲೋಬಿನಲ್ಲಿ ಒಂದು ಸೆಂಟಿಮೀಟರಿಗೆ ನಾಲ್ಕುನೂರು ಕಿಲೋಮೀಟರ್. ಅಂದರೆ ನಾಲ್ಕೂವರೆ ಸಾವಿರಕ್ಕೆ ತುಸು ಹೆಚ್ಚು.

"ತಾಸಿಗಿ ಎಂಟ್ನೂರು ಹಿಡಿ. ಏರಾಕ, ಇಳ್ಯಾಕ ಅರ್ಧಾ ತಾಸು. ಎಲ್ಲಾ ಕೂಡಿ ಆರು ತಾಸು ಹತ್ತು ನಿಮಿಷ."

ಎದುರಿಗೆ ಕುಳಿತಿರುವ ಸಿದ್ದಲಿಂಗವ್ವನಿಗೆ ಏಳು ತಿಂಗಳು. ಸಕ್ಕರೆ ಕಾರ್ಖಾನೆಯ ಫಿಟ್ಟರ್ ಆಗಿದ್ದ ಗಂಡ ಕಲ್ಮೇಶ ಕೀನ್ಯಾದ ಕಾರ್ಖಾನೆಗೆಂದು ನಸುಕಿನ ನಾಲ್ಕರ ವಿಮಾನ ಹತ್ತಿದ್ದಾನೆ; ಇಳಿದ ಮೇಲೆ ಕಾಲೇಜಿನ ಆಫೀಸಿಗೆ ಫೋನ್ ಮಾಡುತ್ತಾನೆ. ಅವನು ನೆಲ ಮುಟ್ಟುವ ತನಕ ನೀರನ್ನೂ ಮುಟ್ಟುವುದಿಲ್ಲ ಎಂಬುದು ಈಕೆಯ ವ್ರತ.

"ಟಿಕೀಟಿನಾಗ ಏಳು ನಲವತ್ತಕ್ಕ ಇಳೀತೈತಿ ಅಂತ ಬರದೈತ್ರಿ, ಅಕ್ಕಾರ."

"ಅದು ಅಲ್ಲಿ ಗಡಿಯಾರ, ತಂಗಿ. ನಮ್ಮದು ಎರಡೂವರಿ ತಾಸು ಮುಂದ ಐತಿ. ನಮ್ಮ ಹತ್ತು ಹತ್ತಕ್ಕ ಇಳೀತೈತಿ. ಆವಾಗ ರೊಟ್ಟಿ ತಿನ್ನಬೇಕು. ಫೋನಿನ ಹಾದಿ ಕಾಯಂಗಿಲ್ಲ."

ಲಗಮವ್ವ ಸಂಪಗಾಂವದ ಸಾಲೆಯಲ್ಲಿ ಓದಿದ್ದು ನಾಲ್ಕನೆಯ ಇಯತ್ತೆ. ಹನ್ನೊಂದು ವರ್ಷ ದಿನಗೂಲಿಯಲ್ಲಿ ದುಡಿದ ಮೇಲೆ ನೌಕರಿ ಕಾಯಂ ಆಯಿತು. ನಕಾಶೆಗಳ ಧೂಳು ಒರೆಸುತ್ತ, ಬಾಗಿಲ ಬಳಿ ನಿಂತು ಪಾಠ ಕೇಳಿಯೇ ಕಲಿತರು. ಈಗ ಗೂಟಕ್ಕೆ, ಊರಿಂದ ಪರದೇಶಕ್ಕೆ ಹೋದವರಿಗೆ ಒಂದೊಂದರಂತೆ, ನಲವತ್ತೊಂದು ದಾರಗಳು ಜೋತುಬಿದ್ದಿವೆ. ನರ್ಸ್ ಒಬ್ಬಳ ಟೊರಾಂಟೊ ಮೂವತ್ತೊಂದು ಸೆಂಟಿಮೀಟರ್, ಮಸ್ಕತ್ ನಾಲ್ಕೂ ತುಂಬುವುದಿಲ್ಲ. ಗೋಡೆಯ ನಕಾಶೆಯನ್ನೇಕೆ ಅಳೆಯುವುದಿಲ್ಲ ಎಂದರೆ ನಗುತ್ತಾರೆ: "ಅದು ಚಪ್ಪಟ್ಟಿ ಐತ್ರಿ. ಭೂಮಿ ಚಪ್ಪಟ್ಟಿ ಐತೇನು?"

ಆ ಮಸ್ಕತ್ ದಾರವೇ ಅವರಿಗೆ ಬುದ್ಧಿ ಕಲಿಸಿದ್ದು. 1998ರಲ್ಲಿ, ಜಟ್ಟೆಪ್ಪನೆಂಬವನು ಹೊರಟಾಗ, ಟಿಕೀಟಿನ ಹೊತ್ತನ್ನೇ ನಮ್ಮ ಗಡಿಯಾರದ ಹೊತ್ತೆಂದು ಹೇಳಿಬಿಟ್ಟಿದ್ದರು. ಆ ಹೊತ್ತು ಮೀರಿದರೂ ಸುದ್ದಿಯಿಲ್ಲದೆ ಒಂದೂವರೆ ತಾಸು ಆ ಮನೆಯಲ್ಲಿ ಗೋಳಾಟ. "ಅವರವ್ವ ನೆಲಕ್ಕ ಬಿದ್ದು ಹೊಳ್ಳಾಡಿದ್ಳು. ಆ ತಪ್ಪು ನಂದs."

ಏಳು ನಲವತ್ತು ಕಳೆಯುತ್ತದೆ. ಆಫೀಸಿನ ಗುಮಾಸ್ತ ನಿಜಗುಣಪ್ಪ ಇಣುಕುತ್ತಾರೆ. "ಏನ್ ಲಗಮವ್ವಾ, ನಿನ್ನ ಇಮಾನ ಎಲ್ಲೈತಿ?"

"ಸಮುದ್ರದ ಮ್ಯಾಗ ಐತ್ರಿ, ಸಾಹೇಬ್ರ. ಫೋನ್ ಖುಲ್ಲಾ ಇಡ್ರಿ, ಹರಟಿ ಹೊಡೀಬ್ಯಾಡ್ರಿ."

ಹತ್ತು ಹತ್ತು. ಲಗಮವ್ವ ಬುತ್ತಿ ಬಿಚ್ಚುತ್ತಾರೆ. ಸಿದ್ದಲಿಂಗವ್ವ ಅವರ ಮುಖವನ್ನೇ ನೋಡುತ್ತಾಳೆ. "ಖರೇನ ಇಳದಾರೇನ್ರಿ?"

"ಇಳದಾನ. ತಿನ್ನು."

ಆಕೆ ತಿನ್ನುತ್ತಾಳೆ. ಆ ಕ್ಷಣದಿಂದ ವ್ರತದ ಭಾರವೆಲ್ಲ ಲಗಮವ್ವನ ಹೆಗಲಿಗೆ. ಹನ್ನೊಂದಾದರೂ ಫೋನಿಲ್ಲ. ಗ್ಲೋಬಿನ ಬಳಿ ಹೋಗಿ ಮತ್ತೆ ದಾರ ಹಿಡಿಯುತ್ತಾರೆ. ಅದೇ ಹನ್ನೊಂದು, ಅದೇ ಮೂರು ಗೆರೆ. ಇನ್ನೊಮ್ಮೆ ಅಳೆಯುತ್ತಾರೆ.

ಹನ್ನೊಂದೂ ಇಪ್ಪತ್ತಕ್ಕೆ ಆಫೀಸಿನ ಫೋನ್ ಗಂಟೆ ಹೊಡೆಯುತ್ತದೆ. ಸಿದ್ದಲಿಂಗವ್ವ ಅತ್ತು, ನಕ್ಕು, ರಿಸೀವರ್ ಕೊಟ್ಟಾಗ ಲಗಮವ್ವ ಕೇಳುವುದು ಒಂದೇ ಮಾತು: "ಅಲ್ಲಿ ಗಡಿಯಾರದಾಗ ಎಷ್ಟಕ್ಕ ಇಳೀತಪಾ?"

ಏಳೂ ಮೂವತ್ತೈದಕ್ಕೆ. ಬೆರಳು ಮಡಚಿ ಎರಡೂವರೆ ಕೂಡಿಸುತ್ತಾರೆ: ನಮ್ಮ ಹತ್ತೂ ಐದು. ಕಸಬರಿಗೆ ಎತ್ತಿಕೊಂಡು ವರಾಂಡದತ್ತ ನಡೆಯುವಾಗ ಹುಬ್ಬು ಇನ್ನೂ ಗಂಟಿಕ್ಕಿಯೇ ಇದೆ.

"ಐದು ನಿಮಿಷ ಎಲ್ಲಿ ಉಳೀತು? ಪ್ರೊಫೆಸರ್ ಸಾಹೇಬ್ರು ಬರ್ಲಿ, ಕೇಳತೇನಿ."