ಚರಿಗೆ ಬಿದ್ದ ಸಪ್ಪಳ

ದೆವ್ವ, ಶಕುನ, ಮೈಮೇಲೆ ಬರುವುದು, ಇಂಥ ಮಾತು ಎತ್ತಿದರೆ ಸಾಕು, ನಾನು ಎದ್ದು ಒಲೆಯ ಮುಂದೆ ಹೋಗಿ ಕೂರುವವಳು. ನಮ್ಮಜ್ಜ ಕುರಿಹಟ್ಟಿಯಲ್ಲಿ ಕಂಬಳಿ ಹೊದ್ದು ಬೀರಪ್ಪನ ಪವಾಡ ಹೇಳುತ್ತಿದ್ದರೆ ಬಾಯಿಬಿಟ್ಟು ಕೇಳಿದ್ದೇನೆ, ನಿಜ. ಆದರೆ ಕೇಳಿದ್ದು ಅಜ್ಜನ ಮಾತಿನ ರುಚಿಗೆ, ನಂಬಿಕೆಯಿಂದಲ್ಲ. ನೀವೂ ನನ್ನ ಮಾತನ್ನು ಹಾಗೆಯೇ ಕೇಳಿದರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನನ್ನನ್ನು ಕೊಟ್ಟದ್ದು ಉಮರ್ಗಾದ ಹತ್ತಿರದ ತುರೋರಿಗೆ. ಅಕ್ಕನನ್ನು ಕೊಟ್ಟದ್ದು ಮಾಕಣಿಯ ಆಚೆಗೆ. ಭೂಕಂಪದಲ್ಲಿ ಅಕ್ಕ, ಭಾವ ಇಬ್ಬರೂ ಮಲಗಿದಲ್ಲೇ ಗೋಡೆಯ ಅಡಿಗೆ ಹೋದರು. ಅವರ ಮಗಳು ರುಕ್ಮಿ ಆ ದಿನ ನಮ್ಮ ಮನೆಗೆ ಬಂದಿದ್ದಳು, ಹಾಗಾಗಿ ಉಳಿದಳು. ಅಕ್ಕನದೆಂದು ನನಗೆ ಉಳಿದದ್ದು ಆ ಕೂಸು ಒಂದೇ. ಮಣ್ಣು ಮಾಡಿ ಬಂದೆ, ಕೂಸಿಗೆ ಉಣಿಸಿದೆ, ತಲೆ ಬಾಚಿದೆ. ಅಳು ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದೆ. ವರ್ಷ ಕಳೆದರೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆ ಇರುತ್ತದಲ್ಲ, ನನ್ನ ಎದೆ ಹಾಗಿತ್ತು. ರುಕ್ಮಿಯೂ ಅತ್ತದ್ದನ್ನು ನಾನು ನೋಡಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುತ್ತಿದ್ದಳು, ಅಷ್ಟೇ.

ಆ ಕಾಲದಲ್ಲಿ ನಮ್ಮ ಕಡೆ ಒಂದು ರೂಢಿ ಬಂದಿತ್ತು. ಸಂಜೆಯಾದರೆ ಒಂದು ತಾಟಿನ ಮೇಲೆ ಹಿತ್ತಾಳೆ ಚರಿಗೆಯನ್ನು ಬೋರಲು ಹಾಕುವುದು, ಅದರ ಮೇಲೆ ಒಂದು ಗ್ಲಾಸು, ಗ್ಲಾಸಿನ ಮೇಲೆ ಮುಚ್ಚಳ. ನೆಲ ಚೂರು ಅದುರಿದರೂ ಎಲ್ಲ ಉರುಳಿ ಸಪ್ಪಳವಾಗಬೇಕು, ಮಲಗಿದವರು ಹೊರಗೆ ಓಡಬೇಕು. ನಮ್ಮ ಅತ್ತೆ ದೀಪ ಹಚ್ಚುವುದನ್ನು ಮರೆತರೂ ಇದನ್ನು ಮರೆಯುತ್ತಿರಲಿಲ್ಲ. ಅವರದೊಂದು ಕಾನೂನೂ ಇತ್ತು: "ಸಪ್ಪಳ ಕೇಳಿದ್ರ ಮದಲ ಕೂಸಿಗಿ ಎತ್ತಬೇಕು. ಬಾಕಿದ್ದೆಲ್ಲ ಆಮ್ಯಾಲ." ಕೆಡವುತ್ತಿದ್ದುದು ಹೆಚ್ಚಾಗಿ ಬೆಕ್ಕು. ನಾವು ರುಕ್ಮಿಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿಬಂದರೆ ಎದುರುಮನೆಯ ಶಾಂತಕ್ಕ ಬಾಗಿಲಲ್ಲಿ ನಿಂತು ಕೇಳುವಳು: "ಏನ್ರೀ ಮಾವಶಿ, ಇವತ್ತಿನ ಭೂಕಂಪಕ್ಕ ಬಾಲ ಇತ್ತೇನ್ರೀ?"

"ನಗವಾ, ನಗು. ನಿನ್ನ ಗ್ವಾಡಿ ಬಿದ್ದ ದಿನ ಇದೇ ಚರಿಗಿ ಕಡಾ ಕೇಳಲಾಕ ಬರ್ತಿ," ಅನ್ನುವರು ಅತ್ತೆ.

ಗೋಡೆಯ ಭಯಕ್ಕೆ ರಾತ್ರಿ ಕಲ್ಲುಮನೆ ಬಿಟ್ಟು ತಗಡಿನ ಶೆಡ್ಡಿನಲ್ಲಿ ಮಲಗಿ ಮಲಗಿ ರುಕ್ಮಿಗೆ ಗಂಟಲು ಬೇನೆ ಹತ್ತಿತು. ತಿಂಗಳು ತಿಂಗಳಿಗೆ ಜ್ವರ. ಟಾನ್ಸಿಲ್ ತೆಗೆಯಲೇಬೇಕು ಎಂದರು. ಬಸ್ಸು ಹತ್ತಿ ನಿಲಂಗಾ ದಾಟಿ ಉದಗೀರಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದೆವು. ರೊಟ್ಟಿ, ಖಾರ ಬೇಡ. ತಣ್ಣಗಿನ ಹಾಲು, ಬರ್ಫ ಕೊಡಿ. ರಕ್ತ ಕಂಡರೆ ಒಂದು ಗಳಿಗೆ ತಡ ಮಾಡಬೇಡಿ ಎಂದು ಅಲ್ಲಿಯ ಡಾಕ್ಟರು ಹೇಳಿ ಕಳಿಸಿದ್ದರು.

ಬರ್ಫ ಎಂದದ್ದಕ್ಕೆ ಅತ್ತೆಗೆ ಸಿಟ್ಟು. "ಗಂಟಲ ಬ್ಯಾನಿ ಇದ್ದ ಕೂಸಿಗಿ ಬರ್ಫ ತಿನಸು ಅಂತಾನ! ಅಂವಾ ಡಾಕ್ಟರ ಇದ್ದಾನೋ, ಕುಲ್ಫಿ ಮಾರಾಂವ ಇದ್ದಾನೋ?" ಹೀಗೆ ಬೈದುಕೊಳ್ಳುತ್ತಲೇ ದಿನಾ ಬೆಳಿಗ್ಗೆ ಹೈವೇ ಮೇಲಿನ ಸೋಡಾ ಅಂಗಡಿಗೆ ತಾವೇ ಹೋಗಿ ಗೋಣಿಚೀಲದಲ್ಲಿ ಬರ್ಫ ಸುತ್ತಿಕೊಂಡು ಬರುವರು. ರಾತ್ರಿ ಕಾವಲಿಗೆ ಬೋರಲು ಬಿದ್ದ ಚರಿಗೆಯನ್ನೇ ಬೆಳಿಗ್ಗೆ ಬೆಳಗಿ, ಹಾಲು ತುಂಬಿ, ಬರ್ಫದ ಬಕೇಟಿನಲ್ಲಿ ನಿಲ್ಲಿಸಿ, ಮೇಲೆ ಅದೇ ತಾಟು ಮುಚ್ಚಿ, ತಾಟಿನ ಮೇಲೆ ಒದ್ದೆ ಅರಿವೆ ಹಾಕುವರು. ಹಿತ್ತಾಳೆಗೆ ತಂಪು ಬೇಗ ಹತ್ತುತ್ತದೆ ಎಂಬುದು ಅವರ ಲೆಕ್ಕ.

ಒಂದು ವಾರವಾಗಿರಬೇಕು. ರುಕ್ಮಿ ಗಂಜಿ ಕುಡಿಯುತ್ತಿದ್ದಳು. ಮಾತಿಲ್ಲ, ಕೈಸನ್ನೆ. ಇನ್ನೇನು ಗುಣವಾಯಿತು ಎಂದುಕೊಂಡಿದ್ದೆವು. ನನ್ನ ಗಂಡ ಕುರಿ ಹೊಡೆದುಕೊಂಡು ನಿಲಂಗಾ ಕಡೆ ಹೋಗಿದ್ದರು. ಬಿರುಬಿಸಿಲು, ಶೆಡ್ಡಿನೊಳಗೆ ಕಾಲಿಡಲು ಆಗದು. ಕೂಸನ್ನು ಹಳೆಯ ಕಲ್ಲುಮನೆಯ ತಂಪಿನಲ್ಲಿ ಕೌದಿ ಹಾಸಿ ಮಲಗಿಸಿದೆವು. ನಮಗೆ ಕೇಡು ಬಂದದ್ದು ನಸುಕಿನಲ್ಲಲ್ಲವೇ, ಅದಕ್ಕೇ ಹಗಲು ಭೂಮಿ ಅಲುಗುವುದಿಲ್ಲ ಎಂದು ಅತ್ತೆ ನಂಬಿದ್ದರು. ಊಟವಾಗಿ ಕೂಸು ನಿದ್ದೆ ಹೋಗಿತ್ತು. ನಾನು ಬೇವಿನ ನೆರಳಲ್ಲಿ ತೊಗರಿ ಹಸನು ಮಾಡುತ್ತಿದ್ದೆ. ಅತ್ತೆ ಬಚ್ಚಲ ಕಲ್ಲಿನ ಹತ್ತಿರ ಅರಿವೆ ಒಗೆಯುತ್ತಿದ್ದರು.

ಆಗ ಒಳಗೆ ಚರಿಗೆ ಬಿತ್ತು.

ಆ ಸಪ್ಪಳ ನನಗೆ ಹೊಸದಲ್ಲ. ಮೊದಲು ಮುಚ್ಚಳ ಟಣ್ ಅನ್ನುತ್ತದೆ, ಗ್ಲಾಸು ಉರುಳುತ್ತದೆ, ಆಮೇಲೆ ಚರಿಗೆ ದಪ್ಪನೆ ಬಿದ್ದು ತಾಟು ಬಹಳ ಹೊತ್ತು ಗುಂಯ್‌ಗುಡುತ್ತದೆ. ಹಾಗೆಯೇ, ಅದೇ ಸಾಲಿನಲ್ಲಿ ಕೇಳಿಸಿತು. ಅತ್ತೆ ಒದ್ದೆ ಸೀರೆ ಬಿಸಾಕಿ ಚೀರಿದರು: "ಏ ಕೂಸ! ಕೂಸಿಗಿ ತಗೋ!" ನಾನು ಒಳಗೆ ನುಗ್ಗಿ ರುಕ್ಮಿಯನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದೆ. ಬರುವಷ್ಟರಲ್ಲಿ ಅವಳು ಕೆಮ್ಮಿದಳು. ಬೆನ್ನ ಮೇಲೆ ಬಿಸಿಯಾಗಿ ಏನೋ ಇಳಿಯಿತು. ಕಪ್ಪು ರಕ್ತ, ಗಡ್ಡೆಗಡ್ಡೆ.

ಶಾಂತಕ್ಕ ನಗುತ್ತ ಬಂದವಳು ನನ್ನ ಸೀರೆ ನೋಡಿ ಅಲ್ಲೇ ನಿಂತಳು. ಆಮೇಲೆ ರಸ್ತೆಗೆ ಓಡಿ, ಎರಡೂ ಕೈ ಅಡ್ಡ ಹಿಡಿದು ಒಂದು ಲಾರಿ ನಿಲ್ಲಿಸಿದವಳು ಅವಳೇ. ಅತ್ತೆ ಹೊರಗಿನಿಂದಲೇ ಬಾಗಿಲಿಗೆ ಬೀಗ ಹಾಕಿ ಬಂದು ಹತ್ತಿದರು. ಲಾರಿಯಲ್ಲಿ ನನಗೆ ಏನೂ ಅನಿಸಲಿಲ್ಲ. ಎದುರಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ತೂಗುವುದನ್ನೇ ನೋಡುತ್ತಿದ್ದೆ. ಕೂಸು ಹಗುರವಾಗುತ್ತಿದೆ ಎಂದು ಮಾತ್ರ ಗೊತ್ತಾಗುತ್ತಿತ್ತು.

ಉಮರ್ಗಾದ ಡಾಕ್ಟರು ರಕ್ತ ನಿಲ್ಲಿಸಿ, ಸಲೈನ್ ಹಚ್ಚಿ, ಹೊರಗೆ ಬಂದು ಮರಾಠಿಯಲ್ಲಿ ಹೇಳಿದರು: ಗಾಯದ ಹೆಕ್ಕಳೆ ಉದುರಿದೆ, ಕೂಸು ನಿದ್ದೆಯಲ್ಲೇ ರಕ್ತ ನುಂಗುತ್ತಿತ್ತು, ಹೊರಗೆ ಒಂದು ಹನಿಯೂ ಕಾಣುತ್ತಿರಲಿಲ್ಲ, ಇನ್ನಷ್ಟು ಹೊತ್ತು ಮಲಗಿದ್ದರೆ ಕೈಗೆ ಸಿಗುತ್ತಿರಲಿಲ್ಲ. ಆಮೇಲೆ ಕೇಳಿದರು, ಮಲಗಿದ ಕೂಸನ್ನು ಯಾಕೆ ಎಬ್ಬಿಸಿದಿರಿ?

"ಭೂಮಿ ನಡಗ್ತಲ್ರೀ ಸಾಹೇಬ್ರ. ಚರಿಗಿ ಬಿತ್ತು," ಎಂದರು ಅತ್ತೆ.

ಡಾಕ್ಟರು ತೂಗುಹಾಕಿದ್ದ ಸಲೈನ್ ಬಾಟಲಿಗಳನ್ನು ತೋರಿಸಿದರು. ಇವತ್ತು ಇವು ಒಂದೂ ಅಲುಗಿಲ್ಲ ಅಜ್ಜಿ ಎಂದರು. ಆಗ ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಬೆಕ್ಕು ಇರಬೇಕು ಅಂದುಕೊಂಡೆ.

ಕೂಸನ್ನು ಕರೆದುಕೊಂಡು ಊರಿಗೆ ಬಂದಾಗ ಬೀಗ ತೆಗೆದದ್ದು ನಾನೇ. ಬಕೇಟು ಇಟ್ಟಲ್ಲೇ ಇತ್ತು. ಬರ್ಫ ಕರಗಿ ನೀರಾಗಿತ್ತು. ನೀರಿನಲ್ಲಿ ಚರಿಗೆ ನೆಟ್ಟಗೆ ನಿಂತಿತ್ತು, ಮೇಲೆ ತಾಟು, ತಾಟಿನ ಮೇಲೆ ಒಣಗಿ ಕಡ್ಡಿಯಾದ ಅರಿವೆ. ಒಳಗೆ ಹಾಲು ಒಡೆದು ನಾರುತ್ತಿತ್ತು. ಗ್ಲಾಸು, ಮುಚ್ಚಳ ಗೋಡೆಯ ಮಾಡದಲ್ಲಿದ್ದವು. ಮನೆಯಲ್ಲಿದ್ದ ಹಿತ್ತಾಳೆ ಅಷ್ಟೇ. ಶಾಂತಕ್ಕನನ್ನು ಕೇಳಿದೆವು. ನೀವು ಓಡಿಬಂದದ್ದು ಕಂಡೆ, ಸಪ್ಪಳ ನಾ ಕೇಳಿಲ್ಲ ಎಂದಳು.

ಅತ್ತೆ ಒಡೆದ ಹಾಲನ್ನು ಹೊರಗೆ ಚೆಲ್ಲಿ ಬಂದರು. ಆಮೇಲೆ ಚರಿಗೆಯನ್ನು ಹುಣಸೆ ಹಚ್ಚಿ ಬೆಳಗಿ, ನೀರು ತುಂಬಿ ಮಾಡದಲ್ಲಿಟ್ಟರು. ಸಂಜೆ ಬೋರಲು ಹಾಕಲಿಲ್ಲ. "ಇಟ್ಟಾಗ ಬೆಕ್ಕ ಕೆಡವತಾದ. ಇಡದಾಗ ಕೆಡವಿದವ್ರು ಯಾರವಾ?" ಎಂದರು. ಮುಂದೆ ಎಂದೂ ಇಡಲಿಲ್ಲ.

ಗಂಟಲು ಮಾದು ರುಕ್ಮಿಗೆ ಮಾತು ಬಂದ ಮೇಲೆ ಅವಳನ್ನೂ ಕೇಳಿದೆ. ಬಕೇಟು ಇದ್ದದ್ದು ಅವಳ ತಲೆದಿಂಬಿನ ಬದಿಗೇ. ಅವಳು ತಲೆ ಅಲ್ಲಾಡಿಸಿದಳು. "ಏನೂ ಬಿದ್ದಿಲ್ಲ ಚಿಗವ್ವ. ನಂಗ ಎಚ್ಚರ ಇತ್ತು. ಕರೀಬೇಕಂದ್ರ ದನೀನೇ ಬರಲಿಲ್ಲ. ನೀ ಹೆಂಗ ಬಂದಿ?"

ಆಗ ಅಳು ಬಂತು ಎಂದು ಹೇಳಿದರೆ ಚೆನ್ನಾಗಿರುತ್ತದೆ. ಬರಲಿಲ್ಲ. ಹಾಲು ಕಾಯಿಸಿ ಆರಿಸಲು ಎದ್ದು ಹೋದೆ.

ಅತ್ತೆ ಈಗಿಲ್ಲ. ರುಕ್ಮಿಯನ್ನು ಜಳಕೋಟಕ್ಕೆ ಕೊಟ್ಟಿದ್ದೇವೆ, ಆ ಚರಿಗೆ ಅವಳ ಜೊತೆಗೇ ಹೋಗಿದೆ. ಈಗಲೂ ಎಲ್ಲಾದರೂ ಪಾತ್ರೆ ಬಿದ್ದರೆ ಉಳಿದವರೆಲ್ಲ ಬಿದ್ದದ್ದು ಯಾವುದೆಂದು ನೋಡುತ್ತಾರೆ. ನಾನು ಮಾತ್ರ ಒಳಗೆ ಯಾರು ಮಲಗಿದ್ದಾರೆ ಎಂದು ನೋಡಲು ಹೋಗುತ್ತೇನೆ.