ಸಡಿಲಿಸುವುದೆಂದರೆ

ಮುಲಾಮು ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಹದದಣ್ಣ ಎಂದೇ ಕರೆಯುತ್ತಿದ್ದರು. ಮೇಣ, ಎಣ್ಣೆ, ನೀರು ಮೂರನ್ನೂ ಜಗಳವಾಡದಂತೆ ಒಂದೇ ಕಡಾಯಿಯಲ್ಲಿ ಮೂವತ್ತೊಂದು ವರ್ಷ ಸಂಸಾರ ಮಾಡಿಸಿದವನು. ಗೋಡೆಯ ಮೇಲೆ ಥರ್ಮಾಮೀಟರು ಇರಲಿಲ್ಲವೆಂದಲ್ಲ. ಆದರೆ ಅನುಮಾನ ಬಂದಾಗ ಅದು ಹದದಣ್ಣನ ಮುಖ ನೋಡಿ ತನ್ನ ಪಾದರಸವನ್ನು ಸರಿಮಾಡಿಕೊಳ್ಳುತ್ತದೆ ಎಂದು ತೂಕ ಹಾಕುವವನು ಆಣೆ ಮಾಡಿ ಹೇಳುತ್ತಿದ್ದ. ಒಮ್ಮೆ ಅವನು ಜ್ವರದಿಂದ ಮೂರು ದಿನ ಮಲಗಿದಾಗ ಮುಲಾಮೂ ಕೊರಗಿ ನೀರು ಬಿಟ್ಟುಕೊಂಡಿತಂತೆ. ಪೂರ್ತಿ ಸುಳ್ಳಲ್ಲ. ಅವನ ಬದಲಿಗೆ ನಿಂತವನು ಅವಸರದಲ್ಲಿ ತಣ್ಣೀರು ಬಿಟ್ಟು ಮುಲಾಮನ್ನು ಒಡೆಸಿದ್ದ.

ಕಡಾಯಿಗೆ ಎರಡು ಗೋಡೆ. ನಡುವೆ ಹಬೆ ಬಿಡಲು ಕೆಂಪು ಚಕ್ರ, ತಣ್ಣೀರು ಬಿಡಲು ನೀಲಿ ಚಕ್ರ. ಮುಲಾಮು ಗಟ್ಟಿಯಾಗಿ ಕಲಕುವ ರೆಕ್ಕೆ ಏದುಸಿರು ಬಿಟ್ಟರೆ ಯಾರಾದರೂ "ಸಡಿಲಿಸ್ರಪ್ಪಾ!" ಎಂದು ಕೂಗುತ್ತಿದ್ದರು, ಕೆಂಪು ಚಕ್ರ ತಿರುಗುತ್ತಿತ್ತು. ಆ ಹಾಲ್‌ನಲ್ಲಿ ಸಡಿಲಿಸು ಎಂದರೆ ಹಬೆ ಬಿಡು. ಆ ಮಾತಿಗೆ ಬೇರೆ ಅರ್ಥವಿದೆ ಎಂದು ಅಲ್ಲಿನ ಇಲಿಗಳಿಗೂ ಗೊತ್ತಿರಲಿಲ್ಲ.

ಮೇಲಿನ ಮಹಡಿಯಲ್ಲಿ ಪ್ರಯೋಗಾಲಯ. ಅಲ್ಲಿ ಹೊಸದಾಗಿ ಸೇರಿದವಳು ಅವನ ಮಗಳೇ. ಆರು ತಿಂಗಳು ಪರೀಕ್ಷೆಯ ಮೇಲೆ ಕೆಲಸ, ಆಮೇಲೆ ಕಾಯಂ. ಅವಳು ಬಿಳಿ ಕೋಟು ಹಾಕಿದ ಮೊದಲ ದಿನ ಹದದಣ್ಣನ ಎದೆ ಎಷ್ಟು ಉಬ್ಬಿತೆಂದರೆ, ಅಂಗಿಯ ಎರಡು ಗುಂಡಿ ಹಾರಿ ಒಂದು ಮುಲಾಮಿಗೆ ಬಿತ್ತು. ಅದನ್ನು ಹುಡುಕಲು ಅರ್ಧ ದಿನ ಹೋಯಿತು.

ಸುಟ್ಟ ಗಾಯಕ್ಕೆ ಹಚ್ಚುವ ಹೊಸ ಔಷಧಿಯೊಂದನ್ನು ಕಂಪನಿ ಶುರುಮಾಡಿತು. ಅದರ ನಡತೆ ತಲೆಕೆಳಗು. ತಂಪಿನಲ್ಲಿ ನೀರಿನಂತೆ ಹರಿಯುತ್ತದೆ, ಬೆಚ್ಚಗಿನ ಚರ್ಮ ತಾಗಿದ ಕೂಡಲೇ ಗಟ್ಟಿಯಾಗಿ ಕೂರುತ್ತದೆ. ತಂಪಿನಲ್ಲಿ ಅದರ ಕಣಗಳು ನೀರಿನೊಡನೆ ಬಿಡಿಬಿಡಿಯಾಗಿ ಓಡಾಡಿಕೊಂಡಿರುತ್ತವೆ. ಬಿಸಿಯಾದರೆ ನೀರಿನ ಸಹವಾಸ ಬಿಟ್ಟು ಗುಂಪು ಕಟ್ಟಿ, ಭುಜಕ್ಕೆ ಭುಜ ಒತ್ತಿ ನಿಂತುಬಿಡುತ್ತವೆ. ಇದನ್ನೆಲ್ಲ ಕೆಳಗಿಳಿದು ಕೆಲಸಗಾರರಿಗೆ ಹೇಳಿಕೊಡಬೇಕಾದವಳು ಮಗಳು. ಅವತ್ತು ಅವಳಿಗೆ ಬಿಡುವಿರಲಿಲ್ಲ, ಚೀಟಿ ಕಳಿಸಿದಳು: "ಮಿಶ್ರಣ ಗಟ್ಟಿಯಾದರೆ ಕೂಡಲೇ ಸಡಿಲಿಸಿ."

ಮಧ್ಯಾಹ್ನ ಮಿಶ್ರಣ ಸ್ವಲ್ಪ ಗಟ್ಟಿಯಾಯಿತು. ಹದದಣ್ಣ ಚೀಟಿ ಓದಿ ಕೆಂಪು ಚಕ್ರ ಕಾಲು ಸುತ್ತು ತಿರುಗಿಸಿದ. ಇನ್ನೂ ಗಟ್ಟಿಯಾಯಿತು. ಮತ್ತೆ ಚೀಟಿ ನೋಡಿದ. ಗಟ್ಟಿಯಾದರೆ ಸಡಿಲಿಸಿ ಎಂದೇ ಇತ್ತು. ಅರ್ಧ ಸುತ್ತು ತಿರುಗಿಸಿದ.

"ಅಣ್ಣಾ, ಇದ್ಯಾಕೋ ಹಟಮಾರಿ ಮಗು ಥರ ಇದೆ," ಎಂದ ತೂಕ ಹಾಕುವವನು.

"ನನ್ನ ಮಗಳು ಕಂಡುಹಿಡಿದಿದ್ದು ಅಲ್ವೇನೋ, ಹಟ ಇರುತ್ತೆ," ಎಂದು ನಗುತ್ತಾ ಅವನು ಚಕ್ರವನ್ನು ಪೂರ್ತಿ ತಿರುಗಿಸಿಬಿಟ್ಟ.

ರೆಕ್ಕೆ ಲಟಕ್ಕನೆ ಮುರಿಯಿತು. ಮೋಟಾರು ಸುಟ್ಟ ವಾಸನೆಗೆ ಮೂರು ಬೀದಿಯಾಚೆಯ ನಾಯಿಗಳೂ ಸೀನಿದವು. ತಣ್ಣಗೆ ಮಾಡಿ ಉಳಿಸೋಣವೆಂದರೆ ಒಳಗಿನ ಔಷಧಿ ಬಿಸಿಗೆ ಆಗಲೇ ಕೆಟ್ಟಿತ್ತು.

ಸಂಜೆ ಮನೆಯಲ್ಲಿ ಮಗಳು ಕೋಟನ್ನೂ ಬಿಚ್ಚದೆ ಕುಳಿತಳು.

"ಅಪ್ಪಾ, ಸಡಿಲಿಸಿ ಅಂದ್ರೆ ತಣ್ಣೀರು ಬಿಡೋದು."

"ನೀನು ತೊಟ್ಟಿಲಲ್ಲಿದ್ದಾಗಿಂದ ಈ ಮಾತು ನನ್ನ ಬಾಯಲ್ಲಿ ಕೇಳಿದೀಯಲ್ಲೇ. ನಾನು ಯಾವತ್ತಾದ್ರೂ ತಣ್ಣೀರು ಬಿಟ್ಟು ಸಡಿಲಿಸಿದ್ದೀನಾ?"

"ನಾನು ಪುಸ್ತಕದ ಮಾತು ಬರೆದೆ." ಕೋಟಿನ ಗುಂಡಿ ತಿರುವುತ್ತಾ ಹೇಳಿದಳು: "ನಾಳೆ ವಿಚಾರಣೆ. ನನ್ನ ಆರು ತಿಂಗಳಿಗೆ ಇನ್ನು ಹದಿನೈದು ದಿನ ಇದೆ, ಅಪ್ಪಾ."

ಬೇರೇನೂ ಕೇಳಲಿಲ್ಲ. ಕೇಳಿದ್ದರೆ ಅವನು ಬೈದಾದರೂ ಹಗುರಾಗುತ್ತಿದ್ದ.

ಮರುದಿನ ವಿಚಾರಣೆಗೆ ಕೂತ ಮ್ಯಾನೇಜರು ಆ ಕುರ್ಚಿಗೆ ಬಂದು ಇನ್ನೂ ಎಂಟು ತಿಂಗಳು. ಚೀಟಿಯನ್ನು ಮೇಜಿನ ಮೇಲಿಟ್ಟು ಮಗಳ ಕಡೆ ತಿರುಗಿದ. "ಏನ್ ಮೇಡಂ, ತಣ್ಣೀರು ಬಿಡಿ ಅಂತ ನೇರವಾಗಿ ಬರೆಯೋಕೆ ಏನಾಗಿತ್ತು? ಇವರು ಓದಿ ತಪ್ಪು ತಿಳ್ಕೊಂಡಿದ್ರೆ ಹೊಣೆ ನಿಮ್ಮದೇ ಆಗುತ್ತೆ." ಮತ್ತೆ ಹದದಣ್ಣನಿಗೆ: "ನೀವು ಹೇಳಿ. ಚೀಟಿ ಓದಿದ್ರಾ?"

ಮಗಳು ಕಿಟಕಿ ನೋಡುತ್ತಿದ್ದಳು.

"ಇಲ್ಲ ಸಾರ್," ಎಂದ ಅವನು. "ನಂಗೆ ಓದೋಕೆ ಬರಲ್ಲ."

ಬಾಗಿಲ ಬಳಿ ಸಾಕ್ಷಿಗೆ ನಿಂತಿದ್ದ ತೂಕ ಹಾಕುವವನ ಬಾಯಿ ತೆರೆದದ್ದು ಹಾಗೇ ಉಳಿಯಿತು. ದಿನವೂ ಊಟದ ಬಿಡುವಿನಲ್ಲಿ ಇಡೀ ಹಾಲ್‌ಗೆ ಪತ್ರಿಕೆ ಓದಿ ಹೇಳಿ, ಸಂಪಾದಕನ ಕಾಗುಣಿತ ತಪ್ಪಿಗೂ ಬೈಯುವ ಆಸಾಮಿ ಇವನು!

"ಮೂವತ್ತೊಂದು ವರ್ಷ ಓದೋಕೆ ಬರ್ದೇನೇ ತಳ್ಳಿದ್ಯಾ?" ಎಂದ ಮ್ಯಾನೇಜರು. ಅವನ ಬಾಯಲ್ಲಿ 'ನೀವು' ಇದ್ದದ್ದು 'ನೀನು' ಆಗಲು ಒಂದು ಉಸಿರೂ ಹಿಡಿಯಲಿಲ್ಲ.

"ಕೈಯಲ್ಲೇ ಓದ್ತಿದ್ದೆ ಸಾರ್."

ಮಗಳು ತಿರುಗಿ ನೋಡಿದಳು. ಈಗ ಹೇಳುತ್ತಾಳೆ ಎಂದು ತೂಕ ಹಾಕುವವನು ಕಾದ. ಹದದಣ್ಣನೂ ಕಾದ. ಹೇಳಬಾರದೆಂದು ಬಯಸುತ್ತಲೇ ಕಾದ. ಅವಳು ಕೋಟಿನ ತೋಳು ಸರಿಮಾಡಿಕೊಂಡಳು.

ಎರಡು ದಿನಕ್ಕೆ, ಅವಧಿ ಮುಗಿದೊಡನೆ ಅವಳ ಕೆಲಸ ಕಾಯಂ ಎಂಬ ಮಾತು ಬಂತು. ಅವನಿಗೂ ಒಂದು ಕಾಗದ ಬಂತು.

"ಮೇಡಂ, ಹೇಗೂ ನಿಮ್ಮ ತಂದೆ, ನೀವೇ ಓದಿ ಹೇಳ್ಬಿಡಿ," ಎಂದ ಮ್ಯಾನೇಜರು.

ಅವಳು ಓದಿದಳು: ಇನ್ನು ಮುಂದೆ ಕಡಾಯಿಯ ಬಳಿ ಹೋಗುವಂತಿಲ್ಲ, ಖಾಲಿ ಡಬ್ಬಿ ತೊಳೆಯುವ ವಿಭಾಗಕ್ಕೆ ವರ್ಗ. ಪಕ್ಕದಲ್ಲಿ ನಿಂತ ಹದದಣ್ಣ ಕೇಳಿಸಿಕೊಳ್ಳುವವನಂತೆ ತಲೆ ತಗ್ಗಿಸಿದ್ದ. ಕಣ್ಣು ಮಾತ್ರ ಹಾಳೆಯ ಮೇಲೆ ಅವಳಿಗಿಂತ ಒಂದು ಸಾಲು ಮುಂದಿತ್ತು. ಸಹಿಗೆಂದು ಅವನ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿನ ತನಕ ಹೋಗಿ ಅಂಗಿಯ ಗುಂಡಿ ತಡವಿಕೊಂಡು ವಾಪಸಾಯಿತು. ಮ್ಯಾನೇಜರು ಇಂಕಿನ ಪ್ಯಾಡನ್ನು ಮಗಳ ಕಡೆ ತಳ್ಳಿದ. ಅವಳು ಹಿಡಿದಳು, ಅವನು ಹೆಬ್ಬೆಟ್ಟು ಒತ್ತಿದ.

ಮೆಟ್ಟಿಲ ಬಳಿ ಅವನೆಂದ: "ಮೂರನೇ ಸಾಲು ಬಿಟ್ಟೆಯಲ್ಲೇ."

ಆ ಸಾಲಿನಲ್ಲಿ 'ಸದರಿಯವರು ಅನಕ್ಷರಸ್ಥರಾದ ಕಾರಣ' ಎಂದಿತ್ತು.

"ನಿಂಗೆ ಬೇಜಾರಾಗುತ್ತೆ ಅಂತ, ಅಪ್ಪಾ..."

"ನಂಗೆಲ್ಲಿ ಓದೋಕೆ ಬರುತ್ತೆ ಮೇಡಂ," ಎಂದು ಅವನು ಡಬ್ಬಿ ತೊಳೆಯಲು ಇಳಿದು ಹೋದ.